ಔಟ್‌ಬೋರ್ಡ್ ಎಂಜಿನ್ ಆಯ್ಕೆ

ಔಟ್‌ಬೋರ್ಡ್ ಎಂಜಿನ್ ಎಂಬುದು ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಬೇಡವಾದಾಗ ಕಳಚಿ ಒಯ್ಯಬಹುದಾದ ಯಂತ್ರ. ಮೇಲ್ಭಾಗದಲ್ಲಿ ಎಂಜಿನ್, ನಡುವೆ ಲಂಬವಾಗಿ ಇಳಿಯುವ ಶಾಫ್ಟ್, ತಳದಲ್ಲಿ ಗೇರ್ ಪೆಟ್ಟಿಗೆ ಹಾಗೂ ಪ್ರೊಪೆಲ್ಲರ್ ಸೇರಿ ಒಂದೇ ಘಟಕವಾಗಿರುತ್ತದೆ. ಇಡೀ ಘಟಕವನ್ನೇ ಎಡಬಲಕ್ಕೆ ಹೊರಳಿಸಿ ದೋಣಿಯ ದಿಕ್ಕನ್ನು ಬದಲಿಸುವುದರಿಂದ ಪ್ರತ್ಯೇಕ ಚುಕ್ಕಾಣಿ ಅಗತ್ಯವಿಲ್ಲ. ಕರ್ನಾಟಕದಲ್ಲಿ ಇದರ ಬಳಕೆ ಮುಖ್ಯವಾಗಿ ಎರಡು ಕಡೆ ಕಾಣುತ್ತದೆ: ಕರಾವಳಿಯ ನಾಡದೋಣಿ ಮೀನುಗಾರಿಕೆಯಲ್ಲಿ ಮತ್ತು ಭದ್ರಾದಂತಹ ಜಲಾಶಯಗಳ ಹಿನ್ನೀರಿನಲ್ಲಿ. ಶೀತ ದೇಶಗಳಲ್ಲಿ ಚಳಿಗಾಲದ ಮೀನುಗಾರಿಕೆಗೂ ನೀರುಹಕ್ಕಿಗಳ ಬೇಟೆಗೂ ಇದೇ ಎಂಜಿನ್ ಬಳಕೆಯಾಗುತ್ತದೆ. ಸನ್ನಿವೇಶಗಳು ಬೇರೆಯಾದರೂ ಎಂಜಿನ್‌ನಿಂದ ಮೊದಲು ನಿರೀಕ್ಷಿಸುವ ಗುಣ ಒಂದೇ: ದಡದಿಂದ ದೂರವಿರುವಾಗ ನಿಂತ ಎಂಜಿನ್ ಮತ್ತೆ ಹೊತ್ತಿಕೊಳ್ಳಬೇಕು. ಅಶ್ವಶಕ್ತಿಯ ವಿಚಾರ ಅದರ ನಂತರದ್ದು.

ಇತಿಹಾಸ

ಅಮೆರಿಕದ ಕ್ಯಾಮರಾನ್ ವಾಟರ್‌ಮನ್ 20ನೆಯ ಶತಮಾನದ ಮೊದಲ ದಶಕದಲ್ಲಿ ಪೆಟ್ರೋಲ್ ಚಾಲಿತ ಔಟ್‌ಬೋರ್ಡ್ ಎಂಜಿನ್ ಅನ್ನು ಮಾರುಕಟ್ಟೆಗೆ ತಂದನು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ರೂಪಿಸಿದ, ಸುಮಾರು 1.5 ಅಶ್ವಶಕ್ತಿಯ ಎಂಜಿನ್ ವಾಣಿಜ್ಯ ಯಶಸ್ಸನ್ನು ಕಂಡಿತು. ಆತನ ಹೆಸರಿನ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಭಾರತದಲ್ಲಿ ಹುಟ್ಟುಹಾಕಿ ನಡೆಸುತ್ತಿದ್ದ ಸಾಂಪ್ರದಾಯಿಕ ದೋಣಿಗಳಿಗೆ ಈ ಎಂಜಿನ್‌ಗಳು ವ್ಯಾಪಕವಾಗಿ ಬಂದುದು 1980ರ ದಶಕದಲ್ಲಿ.

ಕರಾವಳಿಯ ನಾಡದೋಣಿಗಳು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಹೊಂದಿದ ನಾಡದೋಣಿಗಳಿಗೆ ಮಾತ್ರ ಈ ಅವಧಿಯಲ್ಲಿ ಕಡಲಿಗಿಳಿಯಲು ಅವಕಾಶವಿದೆ. ನಾಡದೋಣಿಗಳಲ್ಲಿ 9.9 ಅಶ್ವಶಕ್ತಿಯ ಎಂಜಿನ್ ಪರಿಚಿತವಾಗಿರುವುದಕ್ಕೆ ಈ ಮಿತಿಯೂ ಒಂದು ಕಾರಣ. ದೊಡ್ಡ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುವ ಹೊತ್ತಿನಲ್ಲಿ, ಅಂದರೆ ಕಡಲು ಅತ್ಯಂತ ಪ್ರಕ್ಷುಬ್ಧವಾಗಿರುವಾಗಲೇ, ಅತಿ ಸಣ್ಣ ಎಂಜಿನ್‌ಗಳ ದುಡಿಮೆಯ ಕಾಲ ಬರುತ್ತದೆ. ಮಳೆಗಾಲದ ಆರಂಭದಲ್ಲಿ ತೂಫಾನ್ ಎದ್ದು ಕಡಲು ಕದಡಿದ ಮೇಲೆ ಸಿಗಡಿ, ಮೀನು ದಡದತ್ತ ಬರುತ್ತವೆಯೆಂದು ನಾಡದೋಣಿಯವರು ಕಾಯುತ್ತಾರೆ.

ಇಲ್ಲಿ ಅಪಾಯದ ಸ್ಥಳ ನಡುಗಡಲಿಗಿಂತ ಹೆಚ್ಚಾಗಿ ಅಳಿವೆ ಬಾಗಿಲು. ನದಿಯ ಸೆಳೆತವೂ ಕಡಲ ಅಲೆಯೂ ಸಂಧಿಸುವ ಆ ಇಕ್ಕಟ್ಟಿನಲ್ಲಿ ಎಂಜಿನ್ ಸ್ಥಗಿತಗೊಂಡರೆ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚುತ್ತದೆ. ಹಗ್ಗವನ್ನು ಎರಡನೆಯ ಬಾರಿ ಎಳೆಯುವಷ್ಟು ಸಮಯವೂ ಉಳಿಯದಿರಬಹುದು.

ಈ ದೋಣಿಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಸೀಮೆಎಣ್ಣೆ ಎಂಜಿನ್. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಆದ್ದರಿಂದ ಮೊದಲು ಪೆಟ್ರೋಲ್‌ನಿಂದ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಾಯಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಕೆಲವು ನಿಮಿಷ ಪೆಟ್ರೋಲ್‌ನಲ್ಲಿ ಓಡಿಸಬೇಕು. ಇಲ್ಲವಾದರೆ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನದ ಮುಂಜಾವಿನಲ್ಲಿ ಎಂಜಿನ್ ಏಳುವುದಿಲ್ಲ. ಎಂಜಿನ್ ಕೆಟ್ಟಿತೆಂಬ ದೂರುಗಳಲ್ಲಿ ಈ ಒಂದು ಮರೆವಿನಿಂದ ಹುಟ್ಟಿದವೂ ಇರುತ್ತವೆ. ರಿಯಾಯಿತಿ ಸೀಮೆಎಣ್ಣೆಯ ಪೂರೈಕೆ ಕುಗ್ಗುತ್ತಿರುವುದರಿಂದ ಹೊಸದಾಗಿ ಕೊಳ್ಳುವವರು ಪೆಟ್ರೋಲ್ ಎಂಜಿನ್‌ನತ್ತ ಹೊರಳುವುದು ಸಹಜವಾಗಿದೆ.

ಭದ್ರಾ ಹಿನ್ನೀರು ಮತ್ತು ಹೆಬ್ಬೆ ಪರಿಸರ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನ ಗರಿಷ್ಠ ಮಟ್ಟ 186 ಅಡಿ. ಇದರ ಹಿನ್ನೀರು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡುಗಳ ನಡುವೆ ಚಾಚಿಕೊಂಡಿದೆ. ಕೆಮ್ಮಣ್ಣುಗುಂಡಿಯ ತಪ್ಪಲಿನ ಹೆಬ್ಬೆ, ಜಲಪಾತದಿಂದಾಗಿ ಹೊರಗಿನವರಿಗೆ ಪರಿಚಿತವಾದ ಹೆಸರು. ಇದೇ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಅದೇ ಹೆಸರಿದೆ. ಈ ಭಾಗದಲ್ಲಿ ಡಿಸೆಂಬರ್, ಜನವರಿಯ ಮುಂಜಾನೆಗಳು ಮಂಜು ಮುಸುಕಿ ತಣ್ಣಗಿರುತ್ತವೆ, ಆದರೆ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ.

ಹಿನ್ನೀರಿನಲ್ಲಿ ಪ್ರವಾಸಿಗರ ಸಫಾರಿಗೆ ಮೋಟಾರು ದೋಣಿಗಳಿವೆ. ಮಲೆನಾಡಿನ ಒಳನಾಡು ಮೀನುಗಾರರ ಹಳೆಯ ಸಂಗಾತಿಯಾದ ತೆಪ್ಪ ದುಂಡಗಿರುವುದರಿಂದ ಅದಕ್ಕೆ ಎಂಜಿನ್ ಬಿಗಿಯಲು ಹಿಂಬದಿಯೆಂಬುದೇ ಇರುವುದಿಲ್ಲ. ಜಲಾಶಯ ತುಂಬಿದಾಗ ಮುಳುಗಿದ ಮರಗಳ ಬೊಡ್ಡೆಗಳು ನೀರಿನಡಿಯಲ್ಲಿ ಉಳಿದಿವೆ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಅವು ಮೇಲ್ಮೈಗೆ ಸಮೀಪಿಸಿ ಪ್ರೊಪೆಲ್ಲರ್‌ಗೆ ತಾಗುತ್ತವೆ. ಸಣ್ಣ ಎಂಜಿನ್‌ಗಳಲ್ಲಿ ಇಂತಹ ಹೊಡೆತಕ್ಕೆ ಮುರಿದುಹೋಗಲೆಂದೇ ಒಂದು ಮೃದು ಲೋಹದ ಪಿನ್ ಇರುತ್ತದೆ. ಪಿನ್ ಮುರಿದು ಗೇರ್ ಉಳಿಯುತ್ತದೆ. ಎರಡು ಹೆಚ್ಚುವರಿ ಪಿನ್‌ಗಳೂ ಒಂದು ಇಕ್ಕಳವೂ ದೋಣಿಯಲ್ಲಿಲ್ಲದಿದ್ದರೆ ಈ ಜಾಣ ವ್ಯವಸ್ಥೆಯಿಂದ ಪ್ರಯೋಜನವಿಲ್ಲ, ಹುಟ್ಟೇ ಗತಿ. ಜಲಾಶಯದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬೇಸಿಗೆಯಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ಅವುಗಳ ಸಮೀಪ ವೇಗವಾಗಿ ಸಾಗುವುದು ಸಲ್ಲದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಪ್ರಾಣಿಗಳ ಬೇಟೆ ಅಪರಾಧ. ಸಂರಕ್ಷಿತ ಅರಣ್ಯದೊಳಗಿನ ನೀರಿನಲ್ಲಿ ಮೀನು ಹಿಡಿಯುವುದಕ್ಕೂ ನಿರ್ಬಂಧವಿದೆ. ಆದುದರಿಂದ ಬೇಟೆದೋಣಿಯ ಎಂಜಿನ್ ಕುರಿತ ಮಾತು ಉತ್ತರ ಅಮೆರಿಕ ಹಾಗೂ ಸ್ಕ್ಯಾಂಡಿನೇವಿಯಾ ದೇಶಗಳಿಗೆ ಅನ್ವಯಿಸುವಂಥದು.

ಶೀತ ಹವೆಯಲ್ಲಿ

ಆ ದೇಶಗಳಲ್ಲಿ ಬಾತುಕೋಳಿ ಬೇಟೆಯೂ ಶರತ್ಕಾಲದ ಮೀನುಗಾರಿಕೆಯೂ ನೀರು ಹೆಪ್ಪುಗಟ್ಟುವ ಅಂಚಿನಲ್ಲಿ ನಡೆಯುತ್ತವೆ. ಅಂತಹ ನೀರಿಗೆ ಬಿದ್ದವನ ಕೈಗಳು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ. ಚಳಿಗೆ ಎಣ್ಣೆ ಮಂದವಾಗುತ್ತದೆ, ಬ್ಯಾಟರಿಯ ಬಲ ಕುಗ್ಗುತ್ತದೆ, ಇಂಧನ ಆವಿಯಾಗಲು ನಿಧಾನಿಸುತ್ತದೆ. ಹೀಗಾಗಿ ಸೆಲ್ಫ್ ಸ್ಟಾರ್ಟ್ ಇದ್ದರೂ ಕೈಯಿಂದ ಹಗ್ಗ ಎಳೆದು ಚಾಲೂ ಮಾಡುವ ವ್ಯವಸ್ಥೆಯಿರುವ ಎಂಜಿನ್‌ಗೆ ಆದ್ಯತೆ ನೀಡಬೇಕು. ಹಗ್ಗದ ಹಿಡಿ ದಪ್ಪ ಕೈಗವಸಿನಿಂದ ಹಿಡಿಯುವಂತಿರಬೇಕು. ದಡಕ್ಕೆ ಬಂದ ಕೂಡಲೇ ಎಂಜಿನ್ ಅನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ತಂಪುನೀರನ್ನು ಪೂರ್ತಿ ಬಸಿಯಬಿಡುವುದು ಕಡ್ಡಾಯ, ಏಕೆಂದರೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಲೋಹವನ್ನೇ ಸೀಳಬಲ್ಲದು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಮೂಲಕ ನೀರು ಒಳನುಗ್ಗಿದೆ ಎಂದರ್ಥ. ಚಳಿಗಾಲಕ್ಕೆ ಮುನ್ನ ಅದನ್ನು ಸರಿಪಡಿಸದಿದ್ದರೆ ಗೇರ್ ಪೆಟ್ಟಿಗೆ ಒಡೆಯುತ್ತದೆ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಟೂ ಸ್ಟ್ರೋಕ್ ಎಂಜಿನ್ ಹಗುರ, ಬಿಡಿಭಾಗ ಕಡಿಮೆ, ದುರಸ್ತಿ ಸುಲಭ. ಆದರೆ ಇಂಧನದೊಂದಿಗೆ ಎಣ್ಣೆಯನ್ನೂ ಉರಿಸುತ್ತದೆ, ಹೊಗೆಯೂ ಹೆಚ್ಚು. ಫೋರ್ ಸ್ಟ್ರೋಕ್ ಎಂಜಿನ್ ತೂಕದ್ದು, ಮಿತವ್ಯಯಿ, ನಿಧಾನಗತಿಯಲ್ಲಿ ನೆಮ್ಮದಿಯಿಂದ ಓಡುತ್ತದೆ. ಇಂಧನ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯಿದ್ದರೆ ಚಳಿಯಲ್ಲಿ ಚೋಕ್ ಎಳೆಯುವ ತೊಂದರೆಯಿಲ್ಲ. ಆದರೆ ಅದು ಕೆಟ್ಟರೆ ಊರಿನ ಮೆಕ್ಯಾನಿಕ್‌ನಿಂದ ಸರಿಹೋಗುವುದು ಕಷ್ಟ. ಬಿಡಿಭಾಗ ಮತ್ತು ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ವಿಚಾರಿಸದೆ ಬ್ರ್ಯಾಂಡ್ ನೋಡಿ ಕೊಳ್ಳುವುದು ವಿವೇಕವಲ್ಲ.

ಶಾಫ್ಟ್‌ನ ಉದ್ದ ದೋಣಿಯ ಹಿಂಬದಿಯ ಹಲಗೆಯ ಎತ್ತರಕ್ಕೆ ಹೊಂದಬೇಕು. 15, 20 ಮತ್ತು 25 ಅಂಗುಲಗಳ ಅಳತೆಗಳು ಸಾಮಾನ್ಯ. ಚಿಕ್ಕದಾದರೆ ಅಲೆಯ ನೆತ್ತಿಯ ಮೇಲೆ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗಿ ಹಿಡಿತ ತಪ್ಪುತ್ತದೆ, ಉದ್ದವಾದರೆ ನೀರಿನ ಎಳೆತ ಹೆಚ್ಚುತ್ತದೆ. ಪ್ರೊಪೆಲ್ಲರ್‌ನ ಆಯ್ಕೆಯನ್ನು ಅಂಗಡಿಯವರಿಗೇ ಬಿಡುವ ರೂಢಿಯಿದೆ, ಅದು ಸರಿಯಲ್ಲ. ಬಲೆ, ಜನ, ಮಂಜುಗಡ್ಡೆ ಎಲ್ಲವನ್ನೂ ಹೇರಿದ ದೋಣಿಯಲ್ಲಿ ಪೂರ್ಣ ವೇಗ ಕೊಟ್ಟಾಗ ಎಂಜಿನ್ ಕೈಪಿಡಿಯಲ್ಲಿ ಹೇಳಿದ ಸುತ್ತುಗಳನ್ನು ತಲುಪಬೇಕು. ತಲುಪದಿದ್ದರೆ ಪಿಚ್ ಹೆಚ್ಚಾಗಿದೆ ಎಂದು ತಿಳಿಯಬೇಕು. ಭಾರಕ್ಕೆ ಏದುಸಿರು ಬಿಡುವ ಎಂಜಿನ್ ಬೇಗ ಸವೆಯುತ್ತದೆ.

ಇಂಧನದ ವಿಚಾರದಲ್ಲಿ ಇತ್ತೀಚಿನ ಒಂದು ಸಮಸ್ಯೆಯಿದೆ. ಭಾರತದಲ್ಲಿ ಈಗ ಸಾಮಾನ್ಯವಾಗಿ ದೊರೆಯುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಆದರೆ ಅನೇಕ ತಯಾರಕರ ಕೈಪಿಡಿಗಳು ಶೇ. 10ರ ಮಿತಿಯನ್ನು ಹೇಳುತ್ತವೆ. ಎಥನಾಲ್ ತೇವವನ್ನು ಹೀರುತ್ತದೆ. ಹೆಚ್ಚು ದಿನ ಇಟ್ಟ ಪೆಟ್ರೋಲ್‌ನಲ್ಲಿ ನೀರಿನಂಶ ಬೇರ್ಪಟ್ಟು ತಳ ಸೇರುತ್ತದೆ, ಎಂಜಿನ್ ಮೊದಲು ಎಳೆದುಕೊಳ್ಳುವುದೂ ಆ ತಳದ್ದನ್ನೇ. ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇಡುವುದು, ಹಳೆಯ ಇಂಧನವನ್ನು ಬಳಸದಿರುವುದು ಇದಕ್ಕೆ ಪರಿಹಾರ. ಖರೀದಿಗೆ ಮುನ್ನ ಕೈಪಿಡಿಯ ಈ ಪುಟವನ್ನು ಓದಬೇಕು.

ನಿರ್ವಹಣೆ

ಓಡುತ್ತಿರುವ ಎಂಜಿನ್‌ನ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಅದು ನಿಂತರೆ ಎಂಜಿನ್ ಅನ್ನು ತಕ್ಷಣ ನಿಲ್ಲಿಸಿ, ನೀರು ಹೀರುವ ಕಿಂಡಿಗೆ ಕಸ ಕಟ್ಟಿದೆಯೇ, ಪಂಪಿನ ರಬ್ಬರ್ ಇಂಪೆಲ್ಲರ್ ಸವೆದಿದೆಯೇ ಎಂದು ನೋಡಬೇಕು. ಮರಳು ಬೆರೆತ ಅಳಿವೆ ನೀರಿನಲ್ಲಿ ಇಂಪೆಲ್ಲರ್ ಬೇಗ ಸವೆಯುತ್ತದೆ. ಉಪ್ಪುನೀರಿನಿಂದ ಬಂದ ಎಂಜಿನ್ ಅನ್ನು ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಸತುವಿನ ತುಂಡು ಅರ್ಧದಷ್ಟು ಕರಗಿದಾಗ ಬದಲಾಯಿಸಬೇಕು, ಅದಕ್ಕೆ ಬಣ್ಣ ಬಳಿಯಬಾರದು. ಸಾಮಾನ್ಯವಾಗಿ 100 ಗಂಟೆಗಳ ಓಟಕ್ಕೊಮ್ಮೆ ಎಣ್ಣೆ ಬದಲಿಸುತ್ತಾರೆ. ಚಾಲಕನ ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳುವ ಸುರಕ್ಷತಾ ಬಳ್ಳಿಯು, ಆತ ನೀರಿಗೆ ಬಿದ್ದೊಡನೆ ಕಳಚಿಕೊಂಡು ಎಂಜಿನ್ ಅನ್ನು ನಿಲ್ಲಿಸುತ್ತದೆ. ಹೊಸ ಎಂಜಿನ್‌ನೊಂದಿಗೆ ಅದು ಬಂದೇ ಬರುತ್ತದೆ, ಆದರೆ ಕಟ್ಟಿಕೊಳ್ಳದೆ ಎಂಜಿನ್‌ಗೇ ಸುತ್ತಿಡುವವರಿದ್ದಾರೆ.