ಚಿತ್ರದಲ್ಲಿ ಮಂದಿ ಎಲ್ಲಿ?

ಕೃಷ್ಣಾನಂದ ಕಾಮತರ ಒಂದು ಪ್ರವಾಸ ಕಥನದ ಹೆಸರು ‘ನಾನೂ ಅಮೇರಿಕೆಗೆ ಹೋಗಿದ್ದೆ’. ಆ ‘ನಾನೂ’ ಎಂಬಲ್ಲಿರುವ ದೀರ್ಘ ನನಗೆ ಬಹಳ ಇಷ್ಟ. ಹೋಗಿಬಂದವರೆಲ್ಲ ಒಂದೊಂದು ಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ, ಇರಲಿ ನಮ್ಮದೂ ಒಂದು ಎಂದು ನಗುತ್ತಲೇ ಸಾಲಿಗೆ ಬಂದು ನಿಂತವರ ದನಿ ಅದರಲ್ಲಿದೆ. 1934ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಕಾಮತರು ಡಾಕ್ಟರೇಟಿಗಾಗಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದರು, ಜೀವವಿಜ್ಞಾನಿಯಾಗಿ ಹಿಂತಿರುಗಿದರು. ಆದರೆ ಕನ್ನಡದ ಓದುಗರು ಅವರನ್ನು ನೆನೆಯುವುದು ಪ್ರಯೋಗಾಲಯದ ಮನುಷ್ಯನಾಗಿ ಅಲ್ಲ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಸ್ತರ, ರಾಜಸ್ಥಾನ ಅಂತ ತಿರುಗಿದವರಾಗಿ. ಇರುವೆಯ ಮೇಲೂ ಬರೆದರು, ಕರಾವಳಿಯ ಗುಡಿಗಳ ಗೋಡೆಯ ಮೇಲೂ ಬರೆದರು. ಅವರ ಪತ್ನಿ ಜ್ಯೋತ್ಸ್ನಾ ಕಾಮತ್ ಆಕಾಶವಾಣಿಯಲ್ಲಿದ್ದವರು, ಇತಿಹಾಸ ಸಂಶೋಧಕಿ. ಮಧ್ಯಯುಗದ ಕರ್ನಾಟಕದ ಸಾಮಾಜಿಕ ಬದುಕಿನ ಮೇಲೆ ಅವರು ಬರೆದ ಇಂಗ್ಲಿಷ್ ಗ್ರಂಥ 1980ರಲ್ಲಿ ಬಂತು. ವೀರಗಲ್ಲು, ಮಾಸ್ತಿಗಲ್ಲು, ಹೆಂಗಸರ ಒಡವೆ, ಹಚ್ಚೆ, ಇವೆಲ್ಲ ಈ ಮನೆಯಲ್ಲಿ ಒಬ್ಬರಿಗೆ ಆಕರ, ಇನ್ನೊಬ್ಬರಿಗೆ ಚಿತ್ರ.

ಹೊರದೇಶಕ್ಕೆ ಓದಲು ಹೋಗಿ ಕ್ಯಾಮೆರಾ ಹಿಡಿದವರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹವ್ಯಾಸದ ಚರಿತ್ರೆ ಎಂದು ಬದಿಗಿಡುತ್ತೇವೆ. ನನಗೆ ಅದರ ಹಿಂದೆ ಒಂದು ಅರ್ಥಶಾಸ್ತ್ರವೂ ಕಾಣುತ್ತದೆ. ನಮ್ಮ ದೇಶದಲ್ಲಿ ಫಿಲ್ಮ್ ತಯಾರಿಸಲೆಂದು ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾದದ್ದು 1960ರಲ್ಲಿ. ಕಾರ್ಖಾನೆಯಿಂದ ಸರಕು ಹೊರಬರುವಷ್ಟರಲ್ಲಿ 1967 ಬಂದಿತ್ತು. ಅಲ್ಲಿಯವರೆಗೆ ರೋಲು ಎಂದರೆ ಆಮದು ಮಾಲು, ವಿದೇಶಿ ವಿನಿಮಯದ ಅಭಾವದಲ್ಲಿ ಲೆಕ್ಕ ಹಾಕಿ ತರಿಸಿದ್ದು. ಊರಿನ ಸ್ಟುಡಿಯೋದವರು ಒಂದು ಮದುವೆಗೆ ಹನ್ನೆರಡು ಚಿತ್ರ ಎಂದರೆ ಹನ್ನೆರಡೇ. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಹುಡುಗನಿಗೆ ಔಷಧದಂಗಡಿಯಲ್ಲೂ ಕೊಡಾಕ್ ರೋಲು ಸಿಗುತ್ತಿತ್ತು, ತೊಳೆಸುವ ವ್ಯವಸ್ಥೆಯೂ ಇತ್ತು. ಫೋಟೊಗ್ರಫಿ ಕಲಿಯಲು ಬೇಕಾದದ್ದು ಗುರುವಿಗಿಂತ ಹೆಚ್ಚಾಗಿ ಹಾಳು ಮಾಡಲು ಒಂದಿಷ್ಟು ಫಿಲ್ಮು. ಹತ್ತು ಚಿತ್ರ ಕೆಟ್ಟರೆ ಹನ್ನೊಂದನೆಯದು ಬರುತ್ತದೆ. ಪರದೇಶ ಆ ಕಾಲದ ವಿದ್ಯಾರ್ಥಿಗೆ ಕೊಟ್ಟದ್ದು ಈ ಕೆಡಿಸುವ ಸ್ವಾತಂತ್ರ್ಯವನ್ನು ಎಂದು ನನ್ನ ಅಂದಾಜು.

ಈಗ ಫೋನಿನಲ್ಲಿ ಸಾವಿರ ಚಿತ್ರ ತೆಗೆದರೂ ಯಾರದೂ ಏನೂ ಹೋಗುವುದಿಲ್ಲ. ಹಾಗಾಗಿ ನಾನು ಚಿಕ್ಕೋಡಿ ತಾಲ್ಲೂಕಿನ ಕರೋಶಿಯಿಂದ ಇಂಗ್ಲೆಂಡಿಗೆ ಪಿಎಚ್‌ಡಿಗೆಂದು ಬಂದಾಗ ಕಲಿತ ಫೋಟೊಗ್ರಫಿಯ ದಾರಿಯೇ ಬೇರೆ. ನನ್ನ ಸಂಶೋಧನೆ ಬಾಂಬೆ ಪ್ರೆಸಿಡೆನ್ಸಿಯ ಕನ್ನಡ ಜಿಲ್ಲೆಗಳ ಜಮೀನು ದಾಖಲೆಗಳ ಮೇಲೆ. ದಾಖಲೆಗಳನ್ನು ಕೈಯಲ್ಲಿ ನಕಲು ಮಾಡುತ್ತ ಕೂತರೆ ವಿದ್ಯಾರ್ಥಿವೇತನ ಮುಗಿಯುತ್ತದೆ, ದಾಖಲೆ ಮುಗಿಯುವುದಿಲ್ಲ. ಆದ್ದರಿಂದ ಒಂದು ಹಳೆಯ ಕ್ಯಾಮೆರಾ ಕೊಂಡೆ. ಮೊದಲ ಆರು ತಿಂಗಳು ನಾನು ತೆಗೆದದ್ದು ಬರೀ ಕಾಗದದ ಚಿತ್ರಗಳು. ಕ್ಯಾಮೆರಾ ಓರೆಯಾಗಬಾರದು, ಕಿಟಕಿಯ ಬೆಳಕು ಪುಟದ ಒಂದೇ ಬದಿಗೆ ಬೀಳಬಾರದು, ಹಾಳೆಯ ಮಡಿಕೆಯಲ್ಲಿ ಅಕ್ಷರ ಮುಚ್ಚಿಹೋಗಬಾರದು. ಎಲ್ಲಕ್ಕಿಂತ ಮುಖ್ಯ, ಪ್ರತಿ ಚಿತ್ರದ ಮೂಲೆಯಲ್ಲಿ ಕಡತದ ಸಂಖ್ಯೆ ಬರೆದ ಒಂದು ಚೀಟಿ ಇರಬೇಕು. ಚೀಟಿ ಇಲ್ಲದ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಪ್ರಬಂಧದಲ್ಲಿ ಬಳಸಲು ಬರುವುದಿಲ್ಲ, ಅದು ಎಲ್ಲಿಯದೆಂದು ಹೇಳಲಾಗುವುದಿಲ್ಲವಲ್ಲ.

ಈ ಅಭ್ಯಾಸ ಮೈಗೂಡಿದ ಮೇಲೆ ರಜೆಯಲ್ಲಿ ಊರೂರು ತಿರುಗಿ ಪ್ರವಾಸದ ಚಿತ್ರ ತೆಗೆಯತೊಡಗಿದೆ. ಚರ್ಚು, ಸೇತುವೆ, ಹಳೆಯ ಕೋಟೆ. ಜೊತೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ನನ್ನ ವಿಷಯಕ್ಕೆ ನೇರ ಸಂಬಂಧವಿಲ್ಲದಿದ್ದರೂ, ನಮ್ಮ ಕಡೆಯ ಮೊದಲ ಪ್ರವಾಸಿ ಛಾಯಾಗ್ರಾಹಕರ ಚಿತ್ರಗಳನ್ನು ತರಿಸಿಕೊಂಡು ನೋಡುವ ಚಟ ಹತ್ತಿತು.

ಅವರಲ್ಲಿ ಮೊದಲಿಗ ಥಾಮಸ್ ಬಿಗ್ಸ್. ಫಿರಂಗಿ ಪಡೆಯ ಅಧಿಕಾರಿ. 1855ರಲ್ಲಿ ಬಾಂಬೆ ಸರ್ಕಾರ ಇವನನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ಕಳಿಸಿತು. ಸ್ವಲ್ಪ ಕಾಲದಲ್ಲೇ ದಂಡಿನ ಕೆಲಸಕ್ಕೆ ವಾಪಸು ಕರೆಸಿಕೊಂಡಿತು, ಮುಂದುವರಿಸಿದವನು ಡಾ. ಪಿಗೂ ಎಂಬ ವೈದ್ಯ. ಇವರಿಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬನ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪದ ದೊಡ್ಡ ಸಂಪುಟವಾಯಿತು. ಚರಿತ್ರೆ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು, ಪೋಷಕ ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ ರಾಯಚಂದ. ಎಂಟು ವರ್ಷದ ನಂತರ ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆ ಶುರು ಮಾಡಿದಾಗ ಮೊದಲ ಹಂಗಾಮಿಗೆ ಆರಿಸಿಕೊಂಡದ್ದು ನಮ್ಮ ಬೆಳಗಾವಿ ಮತ್ತು ಆಗಿನ ಕಲಾದಗಿ ಜಿಲ್ಲೆಗಳನ್ನೇ, 1874ರ ಜನವರಿಯಿಂದ ಮೇ ತಿಂಗಳವರೆಗೆ. ಮೇ ತಿಂಗಳಲ್ಲಿ ಬಾದಾಮಿಯ ಬಂಡೆಯ ಬಿಸಿಲನ್ನು ಬಲ್ಲವರಿಗೆ ಆ ಮನುಷ್ಯನ ಮೇಲೆ ಮರುಕ ಹುಟ್ಟಬೇಕು.

ಒಂದು ಸಂಜೆ ಅವ್ವನಿಗೆ ವಿಡಿಯೊ ಕಾಲ್‌ನಲ್ಲಿ ನನ್ನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಆಮೇಲೆ ಬಿಗ್ಸನ ಐಹೊಳೆಯನ್ನೂ ತೋರಿಸಿದೆ. ಅವ್ವ ಎಲ್ಲವನ್ನೂ ಸಮಾಧಾನದಿಂದ ನೋಡಿ ಕೇಳಿದಳು: “ಎಲ್ಲಾ ಚಂದ ಅದಾವ ತಮ್ಮಾ, ಆದ್ರ ಇದರಾಗ ಮಂದಿ ಎಲ್ಲಿ ಅದಾರ? ಊರು ಬಿಟ್ಟು ಹೋಗ್ಯಾರೇನು?”

ಬಿಗ್ಸನ ಮಟ್ಟಿಗೆ ಉತ್ತರ ಸುಲಭ. ಆಗಿನ ಕಾಗದದ ನೆಗೆಟಿವ್ ಬೆಳಕನ್ನು ಬಹಳ ನಿಧಾನವಾಗಿ ಹೀರುತ್ತಿತ್ತು. ಒಂದು ಚಿತ್ರಕ್ಕೆ ಮಸೂರದ ಬಾಯಿ ತೆರೆದು ನಿಮಿಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಗುಡಿಯ ಮುಂದೆ ನಡೆದುಹೋದವರು, ದನ ಹೊಡೆದುಕೊಂಡು ಹೋದವರು ಯಾರೂ ಕಾಗದದ ಮೇಲೆ ನಿಲ್ಲುವುದಿಲ್ಲ. ಕಂಬ ನಿಲ್ಲುತ್ತದೆ. ನಿಂತಲ್ಲೇ ನಿಲ್ಲು ಎಂದು ಹೇಳಿಸಿಕೊಂಡವನು ನಿಲ್ಲುತ್ತಾನೆ. ಆ ಕಾಲದ ಕೆಲವು ಚಿತ್ರಗಳಲ್ಲಿ ಬಾಗಿಲ ಪಕ್ಕ ಒಬ್ಬ ರುಮಾಲಿನ ಮನುಷ್ಯ ಇರುತ್ತಾನೆ. ಬಾಗಿಲು ಎಷ್ಟು ಎತ್ತರ ಎಂದು ಲಂಡನ್ನಿನ ಓದುಗನಿಗೆ ತಿಳಿಯಲೆಂದು ಅವನನ್ನು ನಿಲ್ಲಿಸಲಾಗಿದೆ, ಅಳತೆಗೋಲಿನ ಬದಲು. ಮುಖಪುಟದಲ್ಲಿ ತೆಗೆದವನ ಹೆಸರಿದೆ, ಬರೆದವನ ಹೆಸರಿದೆ, ದುಡ್ಡು ಕೊಟ್ಟವನ ಹೆಸರಿದೆ. ಬಿಸಿಲಲ್ಲಿ ಅಲುಗಾಡದೆ ನಿಂತವನ ಹೆಸರಿಲ್ಲ.

ಆದರೆ ಬಿಗ್ಸನ ನಂತರ ಫಿಲ್ಮಿನ ವೇಗ ನೂರಾರು ಪಟ್ಟು ಹೆಚ್ಚಿತು, ಗಾಡಿ ಓಡುವಾಗಲೂ ಹಿಡಿಯುವಂತಾಯಿತು. ಹಾಗಿದ್ದೂ ಪ್ರವಾಸದ ಚಿತ್ರದಿಂದ ಮಂದಿಯನ್ನು ಆಚೆ ಸರಿಸುವ ರೂಢಿ ಉಳಿದುಕೊಂಡಿತು. ಇಂದಿಗೂ ಹಂಪಿಯ ಕಲ್ಲಿನ ತೇರಿನ ಮುಂದೆ ಜನ ಖಾಲಿಯಾಗಲಿ ಎಂದು ಕಾಯುವವರನ್ನು ನೀವು ನೋಡಿರುತ್ತೀರಿ. ತಂತ್ರದ ಒಂದು ಕೊರತೆ ಕಾಲಾಂತರದಲ್ಲಿ ಸೌಂದರ್ಯದ ನಿಯಮವಾಯಿತು ಎನ್ನಿಸುತ್ತದೆ ನನಗೆ. ಹೊರದೇಶದಲ್ಲಿ ಓದುವವನಿಗೆ ಇದು ಇನ್ನೂ ಒಗ್ಗುತ್ತದೆ. ಪರಿಚಯವಿಲ್ಲದ ಜನರ ಮುಖಕ್ಕೆ ಕ್ಯಾಮೆರಾ ಹಿಡಿಯಲು ಸಂಕೋಚ, ಕಲ್ಲಿನ ಅಪ್ಪಣೆ ಕೇಳಬೇಕಿಲ್ಲ.

ಇದಕ್ಕೆ ನಮ್ಮ ಕಡೆಯದೇ ಒಂದು ಉತ್ತರ ನನಗೆ ಸಿಕ್ಕಿದ್ದು ಪರದೇಶದಲ್ಲೇ ಎಂಬುದು ತಮಾಷೆ. ಬೆಂಗಳೂರಿನಲ್ಲಿ 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಎಂಬ ಚಿತ್ರ ತಂಡ ಕಟ್ಟಿದ್ದರು. ಅವರು 1982ರಲ್ಲಿ ಮಾಡಿದ ‘ತಂಬಾಕು ಚಾಕಿಲಾ ಊಬ್ ಆಲಿ’ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಸಾಕ್ಷ್ಯಚಿತ್ರ. ಕ್ಯಾಮೆರಾ ನವರೋಜ್ ಅವರದು. ಹೆಂಗಸರು ಸಂಘ ಕಟ್ಟಿದ ಬಗೆಯನ್ನು ಆ ಹೆಂಗಸರ ಜೊತೆಗೂಡಿಯೇ ತೆಗೆದ ಚಿತ್ರ ಅದು. ಇತ್ತೀಚಿನ ವರ್ಷಗಳಲ್ಲಿ ಯುಗಾಂತರ್ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ನೆರವಿನಿಂದ ದುರಸ್ತಿ ಮಾಡಿ ಮತ್ತೆ ತೋರಿಸುತ್ತಿದ್ದಾರೆ. ಕರೋಶಿಯಿಂದ ನಿಪ್ಪಾಣಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಜರ್ದಾದ ಘಾಟು ಬಸ್ಸಿನ ಕಿಟಕಿಯಿಂದಲೇ ಮೂಗಿಗೆ ಬಡಿಯುವುದು ಗೊತ್ತು. ಆ ಘಾಟಿನೊಳಗೆ ದಿನವಿಡೀ ಕೂತಿರುವವರ ಮುಖವನ್ನು ನಿಧಾನವಾಗಿ ನೋಡಿದ್ದು ಮಾತ್ರ ಇಲ್ಲಿ, ಒಂದು ಪರದೆಯ ಮುಂದೆ. ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡವರು ಕ್ಯಾಮೆರಾದವರಿಗೆ ಏನೋ ಹೇಳುತ್ತಾರೆ, ವಾದಿಸುತ್ತಾರೆ, ನಗುತ್ತಾರೆ. ಅಲ್ಲಿ ಯಾರೂ ಯಾವ ಬಾಗಿಲಿನ ಎತ್ತರ ತೋರಿಸಲೂ ನಿಂತಿಲ್ಲ.

ಕಾಮತರ ವಿಶೇಷವೂ ಇಲ್ಲಿಯೇ ಇದೆ. ಪರದೇಶದಲ್ಲಿ ಇದ್ದು ಬಂದವನಿಗೆ ಊರು ಮೊದಲಿನಂತೆ ಕಾಣುವುದಿಲ್ಲ. ದಿನಾ ಕಂಡ ವಸ್ತು ಅಪರೂಪದ್ದಾಗುತ್ತದೆ. ಕೆಲವರಲ್ಲಿ ಇದು ಮೂಗು ಮುರಿಯುವುದಾಗಿ ಬೆಳೆಯುತ್ತದೆ, ಕೆಲವರಲ್ಲಿ ಹಳಹಳಿಕೆಯಾಗಿ. ಕಾಮತರಲ್ಲಿ ಅದು ವಿಜ್ಞಾನಿಯ ಕುತೂಹಲವಾಯಿತು. ಕೀಟವನ್ನು ನೋಡುವಷ್ಟೇ ಶ್ರದ್ಧೆಯಿಂದ ಗೋಡೆಯನ್ನು ನೋಡಿದರು. (ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡಿನಿಂದ ಬಂದು ಗಿಡಗಳ ಚಿತ್ರವನ್ನು ತಾವೇ ಬರೆದು ‘ಹಸುರು ಹೊನ್ನು’ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ಯಾರಾದರೂ ಬರೆಯಬೇಕು.) ಕಾವಿ ಕಲೆಯನ್ನೇ ತೆಗೆದುಕೊಳ್ಳಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಬಳಿದು, ಅದು ಹಸಿಯಿರುವಾಗಲೇ ಕೆರೆದು, ಕೆಳಗಿನ ಬಿಳುಪಿನಲ್ಲಿ ದೇವರು, ಬಳ್ಳಿ, ಆನೆ ಮೂಡಿಸುವ ಕಲೆ ಅದು. ಗೋವೆಯಿಂದ ಉತ್ತರ ಕನ್ನಡದ ಕರಾವಳಿಯವರೆಗೆ ಗುಡಿಗಳಲ್ಲಿ ಇತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟು, ಟೈಲ್ಸು, ಎಣ್ಣೆ ಬಣ್ಣ ಬಂದಂತೆ ಎಷ್ಟೋ ಗೋಡೆಗಳು ಅಳಿದವು. ಕಾಮತರು ಅವನ್ನು ಹುಡುಕಿ ಚಿತ್ರ ತೆಗೆದು ‘ಕಾವಿ ಕಲೆ’ ಎಂಬ ಪುಸ್ತಕವನ್ನೇ ಬರೆದರು. ಗೋಡೆ ಹೋದ ಮೇಲೆ ಚಿತ್ರವೊಂದೇ ಆಕರ. ಚಿತ್ರದ ಜೊತೆ ಊರಿನ ಹೆಸರು, ಗುಡಿಯ ಹೆಸರು ಇಲ್ಲದಿದ್ದರೆ ಆ ಆಕರವೂ ಅರ್ಧವೇ.

ಕಳೆದ ಚಳಿಗಾಲದಲ್ಲಿ ಊರಿಗೆ ಹೋದಾಗ ಎರಡು ಕೆಲಸ ಮಾಡಿದೆ. ಒಂದು, ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ಕೃಷ್ಣೆಯ ಆಚೆ ದಡದಲ್ಲಿರುವ ಖಿದ್ರಾಪುರಕ್ಕೆ ಹೋದದ್ದು. ಊರು ಮಹಾರಾಷ್ಟ್ರದ್ದು, ಕೊಪ್ಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಸ್ವರ್ಗಮಂಟಪದ ಮಾಡು ನಡುವೆ ದುಂಡಗೆ ತೆರೆದಿದೆ, ಅಲ್ಲಿಂದ ಬಿದ್ದ ಬಿಸಿಲು ಕೆಳಗಿನ ದುಂಡು ಕಲ್ಲಿನ ಮೇಲೆ ನಿಧಾನಕ್ಕೆ ಸರಿಯುತ್ತದೆ. ಎಂಥವನಿಗೂ ಜನ ಸರಿಯಲಿ ಎಂದು ಕಾಯುವ ಆಸೆಯಾಗುವ ಜಾಗ. ನಾನು ಕಾಯಲಿಲ್ಲ. ಮರಾಠಿಯಲ್ಲಿ ಹರಕೆ ಹೇಳಿಕೊಳ್ಳುತ್ತಿದ್ದ ಒಬ್ಬ ಅಜ್ಜಿ, ಪಕ್ಕದಲ್ಲಿ ಕನ್ನಡದಲ್ಲಿ ಮೊಮ್ಮಗನನ್ನು ಗದರುತ್ತಿದ್ದ ಇನ್ನೊಬ್ಬ ಅಜ್ಜಿ, ಇಬ್ಬರ ಒಪ್ಪಿಗೆ ಪಡೆದು ಅದೇ ಬೆಳಕಿನಲ್ಲಿ ಕೂರಿಸಿ ತೆಗೆದೆ. ಬೆಳಗಾವಿ ಗಡಿಯ ಬಗ್ಗೆ ಬರೆದ ಪುಟಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಆ ಚಿತ್ರದಲ್ಲಿರುವಷ್ಟು ವಿಷಯ ಅವುಗಳಲ್ಲಿ ಕಡಿಮೆ.

ಇನ್ನೊಂದು ಕೆಲಸ, ಊರ ಹೊರಗಿನ ಬೆಲ್ಲದ ಗಾಣ. ಈಗ ಕಬ್ಬೆಲ್ಲ ಲಾರಿ, ಟ್ರ್ಯಾಕ್ಟರ್ ಹತ್ತಿ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಗಾಣದ ಒಲೆಯ ಸುತ್ತ ಹುಲ್ಲು ಬೆಳೆದಿದೆ, ಕೊಪ್ಪರಿಗೆಯ ತಳ ತುಕ್ಕು ಹಿಡಿದಿದೆ. ಜಾಗ ಮಾರಾಟಕ್ಕಿದೆ ಎಂದು ಕೇಳಿದೆ. ಅಲ್ಲಿ ದುಡಿದಿದ್ದ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ, ಅವರವರು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದೆ. ಒಬ್ಬರು ಒಲೆಗೆ ಸಿಪ್ಪೆ ಹಾಕುವವರು, ಇನ್ನೊಬ್ಬರು ಪಾಕ ನೋಡುವವರು. ದಾಖಲೆಗಾರದಲ್ಲಿ ಕಲಿತ ಹಾಗೆ ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಚೀಟಿ: ಯಾರು, ಯಾವ ಕೆಲಸ, ಯಾವ ದಿನ. ಎತ್ತಿನ ಗಾಣ ಹೋಗಿ ಎಂಜಿನ್ ಬಂದದ್ದು ಯಾವಾಗ ಎಂದು ಕೇಳಿದೆ. “ಎಪ್ಪತ್ತೆರಡರ ಬರಕ್ಕಿಂತ ಮೊದಲ” ಎಂದರು ಒಬ್ಬರು. “ಏ, ಮೊದಲ ಎಲ್ಲೀದೋ, ಬರದಾಗ ಎತ್ತು ಮಾರೇವಿ, ಆಮ್ಯಾಲೆ ಎಂಜಿನ್ ಬಂತು” ಎಂದರು ಪಾಕದವರು. ಅರ್ಧ ಗಂಟೆ ಜಗಳವಾಯಿತು, ನಡುವೆ ಚಹಾ ಬಂತು, ಇಬ್ಬರೂ ಸೋಲಲಿಲ್ಲ. ಚೀಟಿಯಲ್ಲಿ ಎರಡನ್ನೂ ಬರೆದಿದ್ದೇನೆ.