ಕಿವಿಯ ಬಳಿ ಹಾಡುವ ನೊಣ

ಒಂದು ಕಾಡಿನಲ್ಲಿ ಹಕ್ಕಿಯ ಹಾಡು ನಿಂತಿತೆಂದರೆ ಬಂದೂಕನ್ನೋ ಕೊಡಲಿಯನ್ನೋ ಬೈದು ಸುಮ್ಮನಾಗುತ್ತೇವೆ. ಹವಾಯಿ ದ್ವೀಪಗಳ ಕಥೆಯಲ್ಲಿ ಅವೆರಡೂ ಉಂಟು. ಆದರೆ ಅವುಗಳಿಗಿಂತ ಹೆಚ್ಚು ಹಾಡುಗಳನ್ನು ನುಂಗಿದ್ದು ನಮ್ಮ ಬಚ್ಚಲ ಹಿಂದಿನ ಚರಂಡಿಯಲ್ಲಿ ಹುಟ್ಟುವಂಥ ಸೊಳ್ಳೆ.

ಪೆಸಿಫಿಕ್ ಸಾಗರದ ನಟ್ಟನಡುವೆ, ಬೇರೆಲ್ಲ ನೆಲಗಳಿಂದ ಬಹುದೂರ ಇರುವ ಈ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. ಎಂದೋ ಹಾರಿಬಂದ ಒಂದು ಹಕ್ಕಿಯ ಸಂತತಿ ಅಲ್ಲಿನ ಕಾಡುಗಳಲ್ಲಿ 50ಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆದಿತ್ತು. ಹೂವಿನ ಮಧು ಹೀರಲು ಬಾಗಿದ ಕೊಕ್ಕು ಒಂದಕ್ಕೆ, ಬೀಜ ಒಡೆಯಲು ಗಟ್ಟಿ ಕೊಕ್ಕು ಇನ್ನೊಂದಕ್ಕೆ. ಇವು ಜಗತ್ತಿನ ಬೇರೆ ಯಾವ ಮೂಲೆಯಲ್ಲಿಯೂ ಇಲ್ಲ.

1826ರಲ್ಲಿ ವೆಲ್ಲಿಂಗ್ಟನ್ ಎಂಬ ಹಡಗು ಮೆಕ್ಸಿಕೋ ಕಡೆಯಿಂದ ಮಾವುಯಿ ದ್ವೀಪದ ಲಹೈನಾ ಬಂದರಿಗೆ ಬಂತು. ನಾವಿಕರು ಪೀಪಾಯಿಗಳಲ್ಲಿ ಉಳಿದ ಹಳೆಯ ನೀರನ್ನು ಹಳ್ಳಕ್ಕೆ ಚೆಲ್ಲಿ ಹೊಸ ನೀರು ತುಂಬಿಕೊಂಡರಂತೆ. ಆ ನೀರಿನಲ್ಲಿ ಸೊಳ್ಳೆಯ ಮರಿಗಳಿದ್ದವು. ಸ್ವಲ್ಪ ದಿನಗಳಲ್ಲೇ ಊರಿನವರು, ಕಿವಿಯ ಬಳಿ ಹಾಡುವ ಹೊಸ ನೊಣವೊಂದು ಬಂದಿದೆಯೆಂದು ಪಾದ್ರಿಯ ಬಳಿ ಹೇಳಿಕೊಂಡರಂತೆ. ಮುಂದೆ ಹೊರನಾಡಿನ ಹಕ್ಕಿಗಳನ್ನು ತಂದು ಬಿಟ್ಟಾಗ ಹಕ್ಕಿಗಳ ಮಲೇರಿಯಾವೂ ಬಂತು. ಆ ಜ್ವರವನ್ನೇ ಕಾಣದ ದ್ವೀಪದ ಹಕ್ಕಿಗಳಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಕೆಂಪು ಮೈಯ ಇಇವಿ ಹಕ್ಕಿಗಳಲ್ಲಿ, ಸೋಂಕು ತಗುಲಿದ ಒಂದೇ ಸೊಳ್ಳೆ ಕಚ್ಚಿದರೂ 10ರಲ್ಲಿ 9 ಸಾಯುತ್ತವೆ.

ಹಕ್ಕಿಗಳಿಗೆ ಸೊಳ್ಳೆ ಮಲೇರಿಯಾ ಹರಡುವ ಬಗೆ ಗೊತ್ತಾದದ್ದು ನಮ್ಮ ದೇಶದಲ್ಲೇ. 1898ರಲ್ಲಿ ಕಲ್ಕತ್ತೆಯಲ್ಲಿ ರೊನಾಲ್ಡ್ ರಾಸ್ ಗುಬ್ಬಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ತೋರಿಸಿಕೊಟ್ಟರು. ಅವರೇ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದಾಗ, ಬಂಗಲೆಯ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿದ್ದರು. ಕಾಟ ಕಡಿಮೆಯಾಯಿತು. ನಿಂತ ನೀರು ಚೆಲ್ಲಿ ಎಂದು ಮನೆಯಲ್ಲಿ ನಾವು ದಿನವೂ ಹೇಳುವ ಮಾತು ಇದೇ ಅಲ್ಲವೇ?

ಹವಾಯಿಯ ಹಕ್ಕಿಗಳಿಗೆ ಉಳಿದ ಆಸರೆ ಎತ್ತರದ ಬೆಟ್ಟ. ಅಲ್ಲಿನ ಚಳಿಗೆ ಸೊಳ್ಳೆ ಹೆಚ್ಚು ಬಾಳದು. ಕವಾಯಿ ದ್ವೀಪದ ಅಲಕಾಯಿ ಎಂಬ ಎತ್ತರದ ಜೌಗು ಕಾಡಿನಲ್ಲಿ ಓಓ ಎಂಬ ಹಕ್ಕಿಯ ಕೊನೆಯ ಜೋಡಿ ಉಳಿದಿತ್ತು. ಗಂಡು ಹೆಣ್ಣು ಒಂದಕ್ಕೊಂದು ದನಿಗೂಡಿಸಿ ಹಾಡುವ ಹಕ್ಕಿ ಅದು. 1982ರ ಬಿರುಗಾಳಿಯ ನಂತರ ಹೆಣ್ಣು ಕಾಣಲಿಲ್ಲ. ಗಂಡು ತನ್ನ ಪಾಲಿನ ಹಾಡು ಹಾಡಿ, ಉತ್ತರಕ್ಕೆ ಜಾಗ ಬಿಡುತ್ತಿತ್ತು. ಧ್ವನಿಮುದ್ರಿಕೆಯಲ್ಲಿ ಆ ಮೌನವೂ ಇದೆ. 1987ರಲ್ಲಿ ಆ ದನಿ ಕೊನೆಯ ಸಲ ಕೇಳಿತು. 2023ರಲ್ಲಿ ಅಮೆರಿಕ ಸರ್ಕಾರ ಓಓ ಅಳಿದಿದೆಯೆಂದು ಘೋಷಿಸಿತು. ಅದರೊಂದಿಗೆ ಹಕ್ಕಿಗಳ ಒಂದು ಇಡೀ ಕುಲ ಮುಗಿಯಿತು.

ಈಗ ಭೂಮಿ ಬಿಸಿಯಾಗಿ ಸೊಳ್ಳೆ ಬೆಟ್ಟ ಹತ್ತುತ್ತಿದೆ. ಅದಕ್ಕೆಂದೇ 2023ರಿಂದ ಮಾವುಯಿಯ ಕಾಡುಗಳಲ್ಲಿ ಸೊಳ್ಳೆಗಳನ್ನೇ ತಂದು ಬಿಡುತ್ತಿದ್ದಾರೆ! ಅವು ಕಚ್ಚದ ಗಂಡುಗಳು. ಅವುಗಳ ಒಡಲಿನ ಬ್ಯಾಕ್ಟೀರಿಯಾದಿಂದಾಗಿ, ಅವು ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗುವುದಿಲ್ಲ. ಒಂದು ಪೀಪಾಯಿ ನೀರು ಚೆಲ್ಲಿದ್ದನ್ನು ಬಳಿದು ತೆಗೆಯಲು ಎರಡು ನೂರು ವರ್ಷಗಳಾದರೂ ಸಾಕಾಗಿಲ್ಲ.