ಸರ್ವೆ ನಕ್ಷೆ ಮತ್ತು ಮಣ್ಣು ಪರೀಕ್ಷೆ ಪಟ್ಟಿಯ ಜೋಡಣೆ: ಗುಣಲಕ್ಷಣ ಕೋಷ್ಟಕದ ಕಾಲಂಗಳನ್ನು ಒಂದುಗೂಡಿಸುವ ವಿಧಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯಂತಹ ಪ್ರದೇಶದಲ್ಲಿ ಜಮೀನುವಾರು ಗೊಬ್ಬರದ ಶಿಫಾರಸನ್ನು ನಕ್ಷೆಯಲ್ಲಿ ತೋರಿಸಬೇಕಾದರೆ ಸರ್ವೆ ನಕ್ಷೆಯನ್ನೂ ಮಣ್ಣು ಪರೀಕ್ಷೆಯ ಪಟ್ಟಿಯನ್ನೂ ಜೋಡಿಸಬೇಕಾಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರು, ಸರ್ನೋಕ್ ಹಾಗೂ ಹಿಸ್ಸಾ ಪ್ರತ್ಯೇಕವಾಗಿರುತ್ತವೆ. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಒಂದು ಜಮೀನನ್ನು ಗುರುತಿಸಲಾರದು. ಆದ್ದರಿಂದ ಇವನ್ನು ಸೇರಿಸಿ ಒಂದೇ ಗುರುತಿನ ಕಾಲಂ ರಚಿಸಬೇಕು. ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಇದನ್ನು ಮಾಡುವ ಕ್ರಮ ಇಲ್ಲಿದೆ.

ಪೂರ್ವಸಿದ್ಧತೆ

• ಮೂಲ ಕಡತದ ಪ್ರತಿಯಲ್ಲಿಯೇ ಕೆಲಸ ಮಾಡಬೇಕು.
• ಕಡತವನ್ನು ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸುವುದು ಸೂಕ್ತ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್‌ಗಳ ಮಿತಿಯಿದ್ದು, ಕನ್ನಡದ ಹೆಸರುಗಳು ತುಂಡಾಗುತ್ತವೆ.
• ಎರಡೂ ಪಟ್ಟಿಗಳಲ್ಲಿ ಅಂಕಿ ಮತ್ತು ಅಕ್ಷರಗಳು ಒಂದೇ ಲಿಪಿಯಲ್ಲಿರಬೇಕು. ‘೪೫’ ಮತ್ತು ‘45’ ಗಣಕಕ್ಕೆ ಬೇರೆ ಬೇರೆ.

ಗುರುತಿನ ಕಾಲಂ ರಚನೆ

1. ಪದರದ ಗುಣಲಕ್ಷಣ ಕೋಷ್ಟಕವನ್ನು ತೆರೆದು, ‘ಫೀಲ್ಡ್ ಕ್ಯಾಲ್ಕುಲೇಟರ್’ ಆಯ್ಕೆ ಮಾಡಿ.
2. ಹೊಸ ಕಾಲಂ ರಚಿಸುವ ಆಯ್ಕೆಯನ್ನು ಗುರುತಿಸಿ, ಹೆಸರು ಕೊಡಿ. ವಿಧ ‘ಟೆಕ್ಸ್ಟ್’, ಉದ್ದ 30 ಇರಲಿ.
3. ಕಾಲಂಗಳ ಹೆಸರನ್ನು ಪಟ್ಟಿಯಿಂದ ಎರಡು ಬಾರಿ ಒತ್ತಿ ಆರಿಸುತ್ತಾ ಈ ಸೂತ್ರವನ್ನು ರೂಪಿಸಿ:

"ಗ್ರಾಮ_ಸಂಕೇತ" || '_' || "ಸರ್ವೆ" || '_' || "ಸರ್ನೋಕ್" || '_' || "ಹಿಸ್ಸಾ"

4. ಕೆಳಗೆ ಕಾಣುವ ಮಾದರಿ ಉತ್ತರವನ್ನು ಪರಿಶೀಲಿಸಿ, ಒಪ್ಪಿಗೆ ನೀಡಿ, ಬದಲಾವಣೆ ಉಳಿಸಿ.
5. ಮಣ್ಣು ಪರೀಕ್ಷೆಯ ಪಟ್ಟಿಯಲ್ಲಿಯೂ ಇದೇ ಸೂತ್ರದಿಂದ ಕಾಲಂ ರಚಿಸಿ.

ಸರ್ವೆ ನಂಬರುಗಳು ಪ್ರತಿ ಗ್ರಾಮದಲ್ಲಿಯೂ 1ರಿಂದಲೇ ಆರಂಭವಾಗುವುದರಿಂದ ಗ್ರಾಮದ ಸಂಕೇತ ಸಂಖ್ಯೆಯನ್ನು ಬಿಡಬಾರದು.

ನಡುವಿನ ಚಿಹ್ನೆ ಏಕೆ ಬೇಕು?

ಚಿಹ್ನೆಯಿಲ್ಲದೆ ಸೇರಿಸಿದರೆ ಸರ್ವೆ ನಂ. 1, ಹಿಸ್ಸಾ 12 ಎಂಬುದೂ ಸರ್ವೆ ನಂ. 11, ಹಿಸ್ಸಾ 2 ಎಂಬುದೂ ‘112’ ಆಗುತ್ತವೆ. ಹುಳಿ ಮಣ್ಣಿಗೆ ಹೇಳಿದ ಸುಣ್ಣದ ಸಲಹೆ ಮತ್ತೊಬ್ಬ ರೈತರ ಜಮೀನಿಗೆ ಹೋಗುತ್ತದೆ. ‘12/1’ ಅಥವಾ ‘12-1’ ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕವಾಗಿ ಬದಲಿಸಬಹುದು. ಆದಕಾರಣ ಅಡಿಗೆರೆಯನ್ನು ಬಳಸುವುದು ಸುರಕ್ಷಿತ.

ಖಾಲಿ ಕೋಶಗಳು

ಸೇರಿಸುವ ಯಾವುದೇ ಕಾಲಂ ‘ನಲ್’ ಆಗಿದ್ದರೆ ಮೇಲಿನ ಸೂತ್ರದ ಇಡೀ ಉತ್ತರವೇ ‘ನಲ್’ ಆಗಿ, ಆ ಜಮೀನು ಜೋಡಣೆಯಿಂದ ಹೊರಗುಳಿಯುತ್ತದೆ. ಪಹಣಿಯ ಸರ್ನೋಕ್ ಕಾಲಂನಲ್ಲಿ ಕಾಣುವ * ಚಿಹ್ನೆಯನ್ನೇ ಎರಡೂ ಪಟ್ಟಿಗಳ ಖಾಲಿ ಕೋಶಗಳಲ್ಲಿ ತುಂಬಬೇಕು. ‘ಕೋಯಲೆಸ್’ ಎಂಬ ಫಂಕ್ಷನ್ ‘ನಲ್’ ಇರುವ ಕಡೆ ನಾವು ಸೂಚಿಸಿದ ಚಿಹ್ನೆಯನ್ನು ಇಡುತ್ತದೆ.

ಎಕರೆ–ಗುಂಟೆ ಒಂದುಗೂಡಿಸುವುದು

ವಿಸ್ತೀರ್ಣವನ್ನು ಅಕ್ಷರಗಳಂತೆ ಸೇರಿಸದೆ ಲೆಕ್ಕ ಹಾಕಬೇಕು. ಒಂದು ಎಕರೆಗೆ 40 ಗುಂಟೆ. ಹೊಸ ಕಾಲಂನ ವಿಧ ‘ಡೆಸಿಮಲ್’ ಇರಲಿ, ದಶಾಂಶ ಸ್ಥಾನ 3 ಇರಲಿ:

"ಎಕರೆ" + "ಗುಂಟೆ" / 40.0

2 ಎಕರೆ 20 ಗುಂಟೆ ಎಂದರೆ 2.5 ಎಕರೆ, 2.20 ಅಲ್ಲ. ಎಕರೆಗೆ 20 ಕಿಲೋ ಸಾರಜನಕದ ಲೆಕ್ಕದಲ್ಲಿ ಈ ಜಮೀನಿಗೆ 50 ಕಿಲೋ ಬೇಕು. 2.20 ಎಂದು ಓದಿದರೆ 44 ಕಿಲೋ ಮಾತ್ರ ಬರುತ್ತದೆ. ಈ ಕೊರತೆ ಸುಮಾರು 13 ಕಿಲೋ ಯೂರಿಯಾಕ್ಕೆ ಸಮ. ಖರಾಬು ಕಳೆದು ಉಳಿದ ವಿಸ್ತೀರ್ಣವನ್ನೇ ಬಳಸಬೇಕು. ಹೆಕ್ಟೇರಿಗೆ ಪರಿವರ್ತಿಸಲು 0.4047ರಿಂದ ಗುಣಿಸಬೇಕು.

ಜೋಡಣೆ ಮತ್ತು ಪರಿಶೀಲನೆ

ಪದರದ ‘ಪ್ರಾಪರ್ಟೀಸ್’ನಲ್ಲಿರುವ ‘ಜಾಯಿನ್ಸ್’ ವಿಭಾಗದಲ್ಲಿ ಎರಡೂ ಗುರುತಿನ ಕಾಲಂಗಳನ್ನು ಆರಿಸಿದರೆ ಜೋಡಣೆ ಆಗುತ್ತದೆ. ಪೋಡಿಯಾಗದ ಜಮೀನಿನಲ್ಲಿ ಒಂದೇ ಹಿಸ್ಸಾಕ್ಕೆ ಹಲವು ಖಾತೆದಾರರಿರುತ್ತಾರೆ. ಅಂತಹ ಕಡೆ ಈ ವಿಧಾನ ಒಂದು ಸಾಲನ್ನು ಮಾತ್ರ ಜೋಡಿಸುತ್ತದೆ. ಎಲ್ಲ ಸಾಲುಗಳೂ ಬೇಕಾದರೆ ‘ಜಾಯಿನ್ ಆಟ್ರಿಬ್ಯೂಟ್ಸ್ ಬೈ ಫೀಲ್ಡ್ ವ್ಯಾಲ್ಯೂ’ ಸಾಧನದಲ್ಲಿ ಒಂದಕ್ಕೆ ಹಲವು ಎಂಬ ಆಯ್ಕೆಯನ್ನು ಬಳಸಬೇಕು.

‘ಬೇಸಿಕ್ ಸ್ಟ್ಯಾಟಿಸ್ಟಿಕ್ಸ್ ಫಾರ್ ಫೀಲ್ಡ್ಸ್’ ಸಾಧನವು ಗುರುತಿನ ಕಾಲಂನಲ್ಲಿರುವ ಒಟ್ಟು ಸಂಖ್ಯೆ, ಭಿನ್ನ ಮೌಲ್ಯಗಳ ಸಂಖ್ಯೆ ಮತ್ತು ಖಾಲಿ ಕೋಶಗಳ ಸಂಖ್ಯೆಯನ್ನು ನೀಡುತ್ತದೆ. ಮೊದಲೆರಡು ಸಮವಾಗಿಲ್ಲದಿದ್ದರೆ ಪುನರಾವರ್ತನೆ ಇದೆಯೆಂದೇ ಅರ್ಥ.

ಗಮನಿಸಿ: ಹೊಸ ಕಾಲಂ ರಚಿಸಿದ ಮೇಲೆಯೂ ಮೂಲ ಕಾಲಂಗಳನ್ನು ಅಳಿಸಬಾರದು. ಶಿಫಾರಸು ವಿತರಿಸುವ ಮೊದಲು ಪ್ರತಿ ಗ್ರಾಮದ ಕೆಲವು ಜಮೀನುಗಳನ್ನಾದರೂ ಪಹಣಿಯೊಡನೆ ಹೋಲಿಸಿ ನೋಡತಕ್ಕದ್ದು. ಹೆಚ್ಚಿನ ಮಾರ್ಗದರ್ಶನಕ್ಕೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.